ಒಂದನೇ ತರಗತಿಯ ಅಕ್ಷರ ಬರವಣಿಗೆ: ಮರಳೋ, ಸ್ಲೇಟೋ, ಚುಕ್ಕಿ ಪುಸ್ತಕವೋ?

ಜೂನ್ ಬಂತೆಂದರೆ ಒಂದನೇ ತರಗತಿ ವಹಿಸಿಕೊಂಡ ಶಿಕ್ಷಕರೂ ಮಗುವನ್ನು ಆಗಷ್ಟೇ ಶಾಲೆಗೆ ಸೇರಿಸಿದ ತಂದೆತಾಯಿಯರೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ. ಸ್ಲೇಟು ತರಿಸೋಣವೇ, ನೇರವಾಗಿ ನೋಟ್‌ಬುಕ್ಕೇ ಕೊಡೋಣವೇ? ಅಂಗಡಿಯಲ್ಲಿ ಸಿಗುವ, ಚುಕ್ಕಿ ಸೇರಿಸಿ ಬರೆಯುವ ಪುಸ್ತಕ ಒಳ್ಳೆಯದೇ? ಅ ಆ ಇ ಈಯಿಂದ ಶುರು ಮಾಡಬೇಕೋ, ರ ಗ ಸ ದ ಅ ಎಂದೋ? ಮೊಬೈಲಿನಲ್ಲಿ ಬೆರಳಿನಿಂದ ತಿದ್ದುವ ಆ್ಯಪ್ ಬಂದಿದೆಯಂತೆ, ಅದೇ ಸಾಲದೇ?

ಒಂದರಿಂದ ಮೂರನೇ ತರಗತಿಯ ಮಕ್ಕಳ ಜೊತೆಗೇ ನನ್ನ ಕೆಲಸ. ಹಾಗಾಗಿ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪುಟ ಎಷ್ಟು ಅಂದವಾಗಿ ಬಂದಿದೆ ಎಂದು ನೋಡಿ ಸಾಧನವನ್ನು ಆರಿಸಬೇಡಿ. ಬರೆಯುವಾಗ ಮಗುವಿನ ಕೈ ಯಾವ ದಿಕ್ಕಿಗೆ ಹೋಗುತ್ತದೆ, ಎದುರಿಗೆ ಮಾದರಿ ಇಲ್ಲದಿದ್ದರೂ ಬರೆಯುತ್ತದೆಯೇ ಎಂದು ನೋಡಿ ಆರಿಸಿ. ಅಕ್ಷರ ದುಂಡಗಾಗುವುದಕ್ಕೆ ಎರಡನೇ, ಮೂರನೇ ತರಗತಿಯಲ್ಲೂ ಕಾಲವಿದೆ. ಆದರೆ ಕೈಗೆ ಒಮ್ಮೆ ಕೂತ ತಪ್ಪು ಓಟವನ್ನು ಬಿಡಿಸುವುದು ಬಹಳ ಕಷ್ಟ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು, ಕೈ ಸಿದ್ಧವಾಗಿದೆಯೇ ಎಂಬುದು. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಮೆದುವಾಗಿರುತ್ತವೆ, ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗುತ್ತವೆ. ಕೊನೆಯದು ಗಟ್ಟಿಯಾಗುವ ಹೊತ್ತಿಗೆ ಮಗುವಿಗೆ 9ರಿಂದ 12 ವರ್ಷವಾಗಿರುತ್ತದೆ. ಅಂದಮೇಲೆ ನಾಲ್ಕು ವರ್ಷದ ಎಲ್‌ಕೆಜಿ ಮಗುವಿಗೆ ಪುಟಗಟ್ಟಲೆ ಬರೆಸಿದರೆ ಕೈ ನೋಯದೆ ಇನ್ನೇನಾಗುತ್ತದೆ? ಸಿದ್ಧವಾಗಿದೆಯೇ ಎಂದು ತಿಳಿಯಲು ಪರೀಕ್ಷೆ ಬೇಕಿಲ್ಲ. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತದೆಯೇ, ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತದೆಯೇ, ಕಡಲೆಕಾಯಿ ಸುಲಿಯುತ್ತದೆಯೇ, ವೃತ್ತವನ್ನೂ ಕೂಡುವ ಗುರುತನ್ನೂ ನೋಡಿಕೊಂಡು ಬರೆಯುತ್ತದೆಯೇ ಎಂದು ಗಮನಿಸಿ. ಇವು ಬಾರದಿದ್ದರೆ ಇನ್ನೊಂದಿಷ್ಟು ದಿನ ಮಣ್ಣು, ಮಣಿ, ಕತ್ತರಿ, ಬಣ್ಣಗಳಲ್ಲೇ ಇರಲಿ. ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯ ಆರಂಭಕ್ಕೆ ಮಕ್ಕಳನ್ನು ಆಟದ ಮೂಲಕ ಕಲಿಕೆಗೆ ಸಿದ್ಧಗೊಳಿಸುವ ಮೂರು ತಿಂಗಳ ವಿದ್ಯಾಪ್ರವೇಶ ಕಾರ್ಯಕ್ರಮ ಬಂದದ್ದೂ ಇದಕ್ಕಾಗಿಯೇ. ಆ ಮೂರು ತಿಂಗಳನ್ನು ಕಾಪಿ ಬರೆಸುವುದಕ್ಕೆ ಬಳಸಿದರೆ ಅದರ ಉದ್ದೇಶವೇ ಹೋದಂತೆ.

ಎರಡನೆಯದು, ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂಬುದು ಶಿಕ್ಷಕರ ಕಣ್ಣಿಗೆ ಬೀಳುತ್ತದೆಯೇ? ಮೂರನೆಯದು, ಮಗು ನೆನಪಿನಿಂದ ಬರೆಯುತ್ತಿದೆಯೋ, ಬರೀ ನೋಡಿಕೊಂಡು ಬರೆಯುತ್ತಿದೆಯೋ? ನಾಲ್ಕನೆಯದು, ತಪ್ಪಾದರೆ ಅಳುಕಿಲ್ಲದೆ ಅಳಿಸಿ ಮತ್ತೆ ಬರೆಯಬಹುದೇ? ಇನ್ನೊಂದನ್ನು ನಾವು ಮರೆಯುವುದೇ ಹೆಚ್ಚು: ಬರೆದದ್ದನ್ನು ಮಗು ಓದುತ್ತದೆಯೇ? ಇಡೀ ಪುಟ ‘ಣ’ ಬರೆದು, ಅದು ಯಾವ ಅಕ್ಷರ ಎಂದು ಕೇಳಿದರೆ ಪಕ್ಕದವರ ಮುಖ ನೋಡುವ ಮಕ್ಕಳು ಎಲ್ಲ ಶಾಲೆಯಲ್ಲೂ ಇದ್ದಾರೆ. ಖರ್ಚು, ತರಗತಿಯಲ್ಲಿರುವ ಮಕ್ಕಳ ಸಂಖ್ಯೆ, ಒಬ್ಬರೇ ಶಿಕ್ಷಕರೋ ಇಬ್ಬರೋ ಎಂಬುದು ಇವೆಲ್ಲದರ ಜೊತೆಗೆ ಬರುತ್ತದೆ.

ಯಾವ ಅಕ್ಷರ ಮೊದಲು?

ಸಾಧನಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ಇದು. ನಮ್ಮಲ್ಲಿ ಎರಡು ದಾರಿಗಳಿವೆ. ಒಂದು ವರ್ಣಮಾಲೆಯ ಕ್ರಮ: 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರಗಳನ್ನು ಸಾಲಾಗಿ ಬರೆಸುವುದು. ಇನ್ನೊಂದು ರ ಗ ಸ ದ ಅ ಎಂದು ಶುರುವಾಗಿ, ಜ ವ ಮ ಬ ನ ಎಂದು ಮುಂದುವರಿಯುವ ಕ್ರಮ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಸೇರಿ ಆರಂಭಿಸಿದ, ನಲಿಯುತ್ತಾ ಕಲಿಯುವ ನಲಿಕಲಿ ಪದ್ಧತಿ ರಾಜ್ಯದ ಉದ್ದಗಲಕ್ಕೂ ಹಬ್ಬಿದಾಗ ಈ ಕ್ರಮ ಸರಕಾರಿ ಶಾಲೆಗಳಲ್ಲಿ ಮನೆಮಾತಾಯಿತು.

ಬರವಣಿಗೆಯ ದೃಷ್ಟಿಯಿಂದ ನಾನು ಎರಡನೆಯದರ ಪರ. ರ, ಗ, ಸ, ದ ನಾಲ್ಕಕ್ಕೂ ತಲೆಕಟ್ಟಿದೆ, ನಾಲ್ಕೂ ಬಾಗಿದ ಗೆರೆಯ ಅಕ್ಷರಗಳು. ಒಂದು ಅಕ್ಷರಕ್ಕೆ ಕಲಿತ ಕೈ ಮುಂದಿನದಕ್ಕೂ ಬರುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ ಆ ಐದೇ ಅಕ್ಷರಗಳಲ್ಲಿ ಪದ ಹುಟ್ಟುತ್ತದೆ: ಸರ, ರಸ, ದರ, ಅರಸ, ಅಗಸ, ಗರಗಸ. ‘ಅರಸರ ಸರ’ ಎಂದು ಬರೆದು, ತಾನೇ ಬರೆದದ್ದನ್ನು ತಾನೇ ಓದಿದ ಮಗು ಸ್ಲೇಟು ಎತ್ತಿ ಹಿಡಿದು ತರಗತಿಯ ಸುತ್ತ ಓಡುತ್ತದೆ. ಮುಂದಿನ ಐದು ಸೇರಿದರೆ ಮರ, ದನ, ವನ, ಮಗ, ನಗರ, ಅವಸರ ಎಲ್ಲ ಕೈಗೆ ಸಿಗುತ್ತವೆ. ವರ್ಣಮಾಲೆಯ ಕ್ರಮದಲ್ಲಿ ಹೊರಟ ಮಗುವಿಗೆ ಹದಿಮೂರು ಸ್ವರ ಮುಗಿದರೂ ಬರೆಯಲು ಸಿಗುವ ಪದಗಳು ಆ, ಈ, ಓ ಅಷ್ಟೆ. ಋ ಮತ್ತು ಔ ಬರೆಯುವುದಕ್ಕೆ ತಿಣುಕಿದ ಶ್ರಮಕ್ಕೆ ಫಲ ಕಾಣಲು ತಿಂಗಳುಗಟ್ಟಲೆ ಕಾಯಬೇಕು. ವ್ಯಂಜನಕ್ಕೆ ಬಂದರೆ ಐದನೆಯದೇ ಙ, ಅದನ್ನು ಎಲ್ಲಿ ಬಳಸಬೇಕೆಂದು ಮಗುವಿಗೆ ಹೇಳುವುದಾದರೂ ಏನನ್ನು?

ಇನ್ನೂ ಒಂದು ತೊಡಕಿದೆ. ವರ್ಣಮಾಲೆಯಲ್ಲಿ ಥ ದ ಧ ಅಕ್ಕಪಕ್ಕದಲ್ಲೇ ನಿಂತಿವೆ, ಬ ಭ ಅಕ್ಕಪಕ್ಕದಲ್ಲೇ ಇವೆ. ರೂಪದಲ್ಲಿ ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ವಾರದಲ್ಲಿ ಕಲಿಸಿದರೆ ಎರಡೂ ಕಲಸಿಹೋಗುತ್ತವೆ. ಮೊದಲು ದ ಗಟ್ಟಿಯಾಗಲಿ, ಧದ ಸೀಳು ಎಷ್ಟೋ ವಾರ ಕಳೆದು ಬರಲಿ. ಪ, ಫ, ಷ, ಘ ಇವಕ್ಕೂ ಇದೇ ಮಾತು. ವ ಕಲಿತ ಮಗು ಕೊಂಬು ಸೇರಿಸಿ ‘ವು’ ಬರೆಯುವಾಗ ಅದು ‘ಮ’ ಆಗಿಬಿಡುವುದನ್ನು ಒಂದನೇ ತರಗತಿ ಕಲಿಸಿದವರೆಲ್ಲ ನೋಡಿರುತ್ತಾರೆ.

ಹಾಗೆಂದು ವರ್ಣಮಾಲೆಯನ್ನು ಕೈಬಿಡಬೇಕಿಲ್ಲ. ಗಂಟಲಿನಿಂದ ತುಟಿಯವರೆಗೆ ಉಚ್ಚಾರಣೆಯ ಜಾಗ ಹಿಡಿದು ಜೋಡಿಸಿದ ಸಾಲು ಅದು. ಹಾಡಿನಂತೆ ಬಾಯಿಗೆ ಬಂದರೆ ಮುಂದೆ ಕಾಗುಣಿತಕ್ಕೂ ನಿಘಂಟು ನೋಡುವುದಕ್ಕೂ ಅದೇ ಆಧಾರ. ಬಾಯಲ್ಲಿ ವರ್ಣಮಾಲೆ, ಕೈಯಲ್ಲಿ ರ ಗ ಸ ದ ಅ. ಇವೆರಡರ ನಡುವೆ ಜಗಳವಿಲ್ಲ. ಶಾಲೆಯಲ್ಲಿ ಒಂದು ಕ್ರಮ, ಮನೆಯಲ್ಲಿ ಅಜ್ಜಿ ಬರೆಸುವುದು ಇನ್ನೊಂದು ಎಂದು ಗೊಂದಲಪಡುವ ತಂದೆತಾಯಿಯರಿಗೆ ನಾನು ಹೇಳುವುದು ಇಷ್ಟೇ: ಅಜ್ಜಿ ಹಾಡಿಸಲಿ, ಬರೆಸುವುದನ್ನು ಸ್ವಲ್ಪ ದಿನ ಶಾಲೆಗೆ ಬಿಡಿ.

ಮರಳು, ಅಕ್ಕಿ, ಉಪ್ಪುಕಾಗದ

ವಿಜಯದಶಮಿಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಮಗುವಿನ ಬೆರಳು ಹಿಡಿದು ತಿದ್ದಿಸುವ ಅಕ್ಷರಾಭ್ಯಾಸವನ್ನು ನಾವು ಶಾಸ್ತ್ರಕ್ಕೆ ಮಾಡಿ ಮುಗಿಸಿಬಿಡುತ್ತೇವೆ. ಅದನ್ನೇ ಎರಡು ಮೂರು ವಾರ ಮುಂದುವರಿಸಿದರೆ ಅದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು. ಹಿಂದೆ ಐಗಳ ಮಠಗಳೆಂಬ ಹಳ್ಳಿ ಶಾಲೆಗಳಲ್ಲಿ ಮಕ್ಕಳು ನೆಲದ ಮರಳಿನಲ್ಲೇ ಅಕ್ಷರ ತಿದ್ದುತ್ತಿದ್ದರು. ಪೆನ್ಸಿಲ್ ಹಿಡಿಯುವ ಚಿಂತೆ ಇಲ್ಲದ್ದರಿಂದ ಮಗುವಿನ ಗಮನವೆಲ್ಲ ಅಕ್ಷರದ ಓಟದ ಮೇಲೇ ಇರುತ್ತದೆ. ಅಕ್ಷರ ಅಂಗೈಯಷ್ಟು ದೊಡ್ಡದಾದ್ದರಿಂದ ತೋಳೂ ಆಡುತ್ತದೆ. ತಪ್ಪಾದರೆ ತಟ್ಟೆ ಒಮ್ಮೆ ಅಲುಗಾಡಿಸಿದರೆ ಮುಗಿಯಿತು.

ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಮಕ್ಕಳ ಮನೆ ತೆರೆದು ರೂಪಿಸಿದ ಪದ್ಧತಿಯಲ್ಲಿ ಇದೇ ಕೆಲಸಕ್ಕೆ ಉಪ್ಪುಕಾಗದದ ಅಕ್ಷರಗಳಿವೆ. ತೋರುಬೆರಳು, ನಡುಬೆರಳು ಎರಡನ್ನೂ ಜೋಡಿಸಿ ಒರಟು ಅಕ್ಷರದ ಮೇಲೆ ಎಳೆಯುತ್ತಾ ಮಗು ಅದರ ಧ್ವನಿಯನ್ನು ಬಾಯಲ್ಲಿ ಹೇಳುತ್ತದೆ. ಸ್ವರಕ್ಕೆ ನೀಲಿ ಹಲಗೆ, ವ್ಯಂಜನಕ್ಕೆ ಗುಲಾಬಿ. ಕನ್ನಡದ ಮರದ ಸೆಟ್ ಕೊಂಡರೆ ದುಬಾರಿ. ಹಾರ್ಡ್‌ವೇರ್ ಅಂಗಡಿಯ ಉಪ್ಪುಕಾಗದವನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ ಹಳೆಯ ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿದರೆ ಕೆಲವೇ ರೂಪಾಯಿಯಲ್ಲಿ ಆಗುತ್ತದೆ. ಎಲ್ಲಿಂದ ಶುರು ಎಂದು ಒಂದು ಹಸಿರು ಚುಕ್ಕಿ ಇಡುವುದನ್ನು ಮಾತ್ರ ಮರೆಯಬೇಡಿ.

ಇದರ ಕೊರತೆ ತರಗತಿಯ ಗಾತ್ರದಲ್ಲಿದೆ. ಆರು ಮಕ್ಕಳಿಗೆ ಆರು ತಟ್ಟೆ ಸರಿ, ಮೂವತ್ತು ಮಕ್ಕಳಿಗೆ ಮೂವತ್ತು ಮರಳಿನ ತಟ್ಟೆ ಇಟ್ಟರೆ ನೆಲವೆಲ್ಲ ಮರಳಾಗುತ್ತದೆ. ಗುಂಪು ಮಾಡಿಕೊಂಡು, ಶಿಕ್ಷಕರ ಪಕ್ಕದಲ್ಲಿ ಕೂರುವ ಗುಂಪಿಗೆ ಮಾತ್ರ ತಟ್ಟೆ ಕೊಟ್ಟರೆ ಸಾಧ್ಯ. ಇನ್ನೊಂದು ಮಿತಿಯೆಂದರೆ, ಬೆರಳಿನಲ್ಲಿ ಬಂದದ್ದು ಪೆನ್ಸಿಲಿಗೆ ತಾನಾಗಿ ಇಳಿಯುವುದಿಲ್ಲ. ಆದ್ದರಿಂದ ಹೊಸ ಅಕ್ಷರದ ಮೊದಲ ಪರಿಚಯಕ್ಕೆ ಮರಳು, ಆಮೇಲೆ ಬೇರೆ ಸಾಧನ.

ಸ್ಲೇಟು, ಗೋಡೆಯ ಹಲಗೆ

ಹಳೆಯ ಕಾಲದ್ದು ಎಂದು ಸ್ಲೇಟನ್ನು ಅನೇಕ ಶಾಲೆಗಳು ಬಿಟ್ಟಿವೆ. ನನ್ನನ್ನು ಕೇಳಿದರೆ ಒಂದನೇ ತರಗತಿಯ ಮೊದಲ ಆರು ತಿಂಗಳಿಗೆ ಅದಕ್ಕೆ ಸಮ ಇನ್ನೊಂದಿಲ್ಲ. 100 ರೂಪಾಯಿಯೊಳಗೆ ಸಿಗುತ್ತದೆ, ಒಡೆಯದಿದ್ದರೆ ವರ್ಷವಿಡೀ ಬರುತ್ತದೆ. ಬಳಪ ಹಲಗೆಯ ಮೇಲೆ ತುಸು ತಡೆದು ಸಾಗುವುದರಿಂದ ಗೆರೆ ಸಾಗಿದ್ದು ಕೈಗೆ ತಿಳಿಯುತ್ತದೆ. ಪೆನ್ಸಿಲಿನಂತೆ ಮುಳ್ಳು ಮುರಿಯುವ ಹೆದರಿಕೆಯಿಲ್ಲ. ‘ಎಲ್ಲರೂ ಗ ಬರೆದು ಮೇಲೆತ್ತಿ’ ಎಂದರೆ ಮೂವತ್ತು ಸ್ಲೇಟುಗಳು ಒಮ್ಮೆಗೇ ಮೇಲೇಳುತ್ತವೆ. ಯಾರಿಗೆ ಬಂದಿದೆ, ಯಾರಿಗೆ ಬಂದಿಲ್ಲ ಎಂಬುದು ಅರೆಕ್ಷಣದಲ್ಲಿ ಗೊತ್ತಾಗುತ್ತದೆ. ನೋಟ್‌ಬುಕ್ಕಿನಲ್ಲಿ ಇದೇ ಕೆಲಸಕ್ಕೆ ಸಂಜೆ ಕೂತು ಮೂವತ್ತು ಪುಸ್ತಕ ತಿದ್ದಬೇಕು, ಅಷ್ಟರಲ್ಲಿ ಮಗು ಆ ತಪ್ಪನ್ನು ಇಪ್ಪತ್ತು ಸಲ ಬರೆದಾಗಿರುತ್ತದೆ.

ಸ್ಲೇಟಿನ ಮುಖ್ಯ ಗುಣ ಅಳಿಸುವುದು. ತಪ್ಪಿಗೆ ಗುರುತು ಉಳಿಯದ ಜಾಗದಲ್ಲಿ ಹೆದರುವ ಮಕ್ಕಳೂ ಬರೆಯಲು ಮುಂದಾಗುತ್ತಾರೆ. ಕರಾವಳಿಯ ಮಕ್ಕಳು ನೀರುಕಡ್ಡಿ ಗಿಡದಲ್ಲಿ ಸ್ಲೇಟು ಒರೆಸುತ್ತಿದ್ದರು. ಈಗ ಚೌಕಟ್ಟಿನ ತೂತಿಗೆ ದಾರ ಕಟ್ಟಿ ಒದ್ದೆ ಬಟ್ಟೆಯ ತುಂಡು ಜೋಡಿಸಿದರೆ ಎಂಜಲು ಹಚ್ಚುವುದು ತಪ್ಪುತ್ತದೆ. ಬಳಪವನ್ನು ಇಡಿಯಾಗಿ ಕೊಡಬೇಡಿ, ಎರಡು ಮೂರು ತುಂಡು ಮಾಡಿ ಕೊಡಿ. ಉದ್ದ ಬಳಪವನ್ನು ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ. ಮೋಟು ಬಳಪವನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದೇ ಇಲ್ಲ, ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ತಾವಾಗಿ ಸೇರುತ್ತವೆ. ಹಿಡಿತ ಕಲಿಸಲು ಇದಕ್ಕಿಂತ ಸುಲಭ ಉಪಾಯ ನನಗೆ ಗೊತ್ತಿಲ್ಲ.

ಬಳಪ ತಿನ್ನುವ ಮಕ್ಕಳ ಬಗ್ಗೆ ಒಂದು ಮಾತು. ಗದರಿಸಿ ಬಿಡಬೇಡಿ. ಮಣ್ಣು, ಬಳಪ ತಿನ್ನುವ ಆಸೆಯ ಹಿಂದೆ ಅನೇಕ ಸಲ ಕಬ್ಬಿಣಾಂಶದ ಕೊರತೆ ಇರುತ್ತದೆ. ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಿ.

ನಲಿಕಲಿ ಕೋಣೆಗಳಲ್ಲಿ ಗೋಡೆಯ ಕೆಳಭಾಗದ ಉದ್ದಕ್ಕೂ ಕಪ್ಪು ಬಣ್ಣ ಬಳಿದು ಪ್ರತಿ ಮಗುವಿಗೂ ಒಂದು ಚೌಕ ಬಿಟ್ಟಿರುತ್ತಾರೆ. ಖಾಸಗಿ ಶಾಲೆಯವರೂ ಇದನ್ನು ಮಾಡಿಸಿಕೊಳ್ಳಬೇಕು ಎಂದು ನನ್ನ ಆಸೆ, ಒಂದು ಡಬ್ಬಿ ಬಣ್ಣದ ಖರ್ಚು ಅಷ್ಟೇ. ನಿಂತು ಗೋಡೆಗೆ ಬರೆಯುವಾಗ ಭುಜ, ಮಣಿಕಟ್ಟು ಎರಡೂ ಬಲವಾಗುತ್ತವೆ. ಇನ್ನೂ ಮುಖ್ಯವಾಗಿ, ಕೋಣೆಯ ನಡುವೆ ನಿಂತ ಶಿಕ್ಷಕರಿಗೆ ಪ್ರತಿ ಕೈ ಎಲ್ಲಿಂದ ಹೊರಟಿತು ಎಂಬುದು ಕಾಣುತ್ತದೆ. ಒಡಲು ಮೊದಲೋ ತಲೆಕಟ್ಟು ಮೊದಲೋ, ಗೆರೆ ಎಡದಿಂದಲೋ ಬಲದಿಂದಲೋ ಎಂದು ತಿಳಿಯಲು ಬೇರೆ ಯಾವ ಸಾಧನದಲ್ಲೂ ಇಷ್ಟು ಅನುಕೂಲವಿಲ್ಲ.

ಸ್ಲೇಟಿನ ನಿಜವಾದ ಕೊರತೆ ಒಂದೇ, ದಾಖಲೆ ಉಳಿಯುವುದಿಲ್ಲ. ಪೋಷಕರ ಸಭೆಯಲ್ಲಿ ‘ಏನು ಬರೆಸಿದಿರಿ, ತೋರಿಸಿ’ ಎಂದರೆ ತೋರಿಸಲು ಏನೂ ಇರುವುದಿಲ್ಲ. ಇದೇ ಕಾರಣಕ್ಕೆ ಶಾಲೆಗಳು ಅವಸರದಲ್ಲಿ ನೋಟ್‌ಬುಕ್ಕಿಗೆ ಹಾರುತ್ತವೆ. ವಾರಕ್ಕೊಂದು ಗೆರೆಯಿಲ್ಲದ ಹಾಳೆಯಲ್ಲಿ ಬರೆಸಿ, ದಿನಾಂಕ ಹಾಕಿ, ಮಗುವಿನ ಕೆಲಸಗಳನ್ನು ಕೂಡಿಡುವ ಕೃತಿಸಂಪುಟಕ್ಕೆ ಸೇರಿಸಿದರೆ ಆ ಸಮಸ್ಯೆ ತೀರುತ್ತದೆ. ಜೂನ್ ಹಾಳೆಯ ಪಕ್ಕ ಅಕ್ಟೋಬರ್ ಹಾಳೆ ಇಟ್ಟು ತೋರಿಸಿ, ಬೆಳವಣಿಗೆ ತಾನಾಗಿ ಕಾಣುತ್ತದೆ.

ಚುಕ್ಕಿ ಸೇರಿಸುವ ಪುಸ್ತಕ

ಈಗ ಎಲ್ಲ ಅಂಗಡಿಯಲ್ಲೂ ಸಿಗುವುದು, ಎಲ್ಲರೂ ಕೊಳ್ಳುವುದು ಇದನ್ನೇ. ಹಾಗಾಗಿ ಸ್ವಲ್ಪ ನಿಂತು ನೋಡಬೇಕು.

ಅನುಕೂಲ ಇಲ್ಲದಿಲ್ಲ. ಮಗು ಒಂದೆಡೆ ಕೂರುತ್ತದೆ, ಪುಟ ತುಂಬುತ್ತದೆ, ಅಕ್ಷರದ ಗಾತ್ರ ಅಂಕೆಯಲ್ಲಿರುತ್ತದೆ. ಬಹುದರ್ಜೆ ತರಗತಿಯಲ್ಲಿ ಶಿಕ್ಷಕರು ಮೂರನೆಯವರ ಜೊತೆ ಇರುವಾಗ ಒಂದನೆಯವರನ್ನು ಹತ್ತು ನಿಮಿಷ ತೊಡಗಿಸಲು ಇದು ಒದಗುತ್ತದೆ. ಕೈ ನಡುಗುವ, ಅಕ್ಷರದ ರೂಪವನ್ನೇ ಹಿಡಿಯಲಾಗದ ಮಗುವಿಗೆ ಮೊದಲ ಕೆಲವು ದಿನ ಆಸರೆಯಾಗುತ್ತದೆ.

ಆದರೆ ಪುಟ ತುಂಬಿದ್ದು ಕಲಿತದ್ದಕ್ಕೆ ಸಾಕ್ಷಿಯಲ್ಲ. ಚುಕ್ಕಿ ಪುಸ್ತಕದಲ್ಲಿ ‘ಸ’ ಬರೆಯುವ ಮಗುವಿನ ಪಕ್ಕದಲ್ಲಿ ಒಮ್ಮೆ ಕೂತು ನೋಡಿ. ತಲೆಕಟ್ಟಿನಿಂದ ಕೆಳಗೆ ಸ್ವಲ್ಪ ಬರುತ್ತದೆ, ಪೆನ್ಸಿಲ್ ಎತ್ತಿ ಇನ್ನೊಂದು ತುದಿಯಿಂದ ಹೊರಟು ಮೇಲೆ ಬರುತ್ತದೆ, ಎರಡೂ ಗೆರೆ ನಡುವೆ ಎಲ್ಲೋ ಕೂಡಿಕೊಳ್ಳುತ್ತವೆ. ಸಾಲಿನಲ್ಲಿ ಎಂಟು ಸ ಇದ್ದರೆ ಎಂಟರ ತಲೆಕಟ್ಟನ್ನೂ ಒಟ್ಟಿಗೇ ಮುಗಿಸಿ, ಆಮೇಲೆ ಎಂಟರ ಹೊಟ್ಟೆಯನ್ನು ತುಂಬುತ್ತದೆ. ಮುಗಿದ ಪುಟ ನೋಡಿದ ಶಿಕ್ಷಕರು ಸ್ಟಾರ್ ಹಾಕುತ್ತಾರೆ. ಮಗು ಅಲ್ಲಿ ಒಂದು ಸಲವೂ ಸ ಬರೆದಿಲ್ಲ, ಚುಕ್ಕಿಗಳನ್ನು ಸೇರಿಸಿದೆ ಅಷ್ಟೆ. ಪುಸ್ತಕ ಮುಚ್ಚಿ ‘ಸ ಬರಿ’ ಎಂದರೆ ಕೈ ನಿಂತುಬಿಡುತ್ತದೆ.

ಇದು ಬರೀ ನನ್ನ ಅನುಭವವಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಸ್ವತಂತ್ರವಾಗಿ ಬರೆಸಿದರು, ಚುಕ್ಕಿಯ ಮೇಲೆ ತಿದ್ದಿಸಿದರು, ಕೀಲಿಮಣೆಯಲ್ಲಿ ಒತ್ತಿಸಿದರು. ಆಮೇಲೆ ಅವೇ ಅಕ್ಷರಗಳನ್ನು ತೋರಿಸುತ್ತಾ ಮಿದುಳಿನ ಸ್ಕ್ಯಾನ್ ಮಾಡಿದರು. ಓದುವಾಗ ಕೆಲಸ ಮಾಡುವ ಮಿದುಳಿನ ಭಾಗಗಳು ಚುರುಕಾದದ್ದು ಸ್ವತಂತ್ರವಾಗಿ ಬರೆದ ಅಕ್ಷರಗಳಿಗೆ. ತಿದ್ದಿದವಕ್ಕೂ ಒತ್ತಿದವಕ್ಕೂ ಆ ಪರಿಣಾಮ ಕಾಣಲಿಲ್ಲ. ಅಭ್ಯಾಸಕ್ಕೆ ಬಳಸಿದ್ದು ಇಂಗ್ಲಿಷ್ ಅಕ್ಷರಗಳು, ಮಕ್ಕಳ ಸಂಖ್ಯೆಯೂ ಸಣ್ಣದು. ಆದರೂ ತರಗತಿಯಲ್ಲಿ ನಾವು ದಿನಾ ಕಾಣುವುದಕ್ಕೆ ಅದು ಹೊಂದುತ್ತದೆ. ಮಗುವಿನ ಸೊಟ್ಟ ಅಕ್ಷರದಲ್ಲೂ ಅದರ ಸ್ವಂತ ಪ್ರಯತ್ನವಿದೆ, ಕಲಿಕೆ ಇರುವುದು ಅಲ್ಲಿಯೇ.

ಈಗಾಗಲೇ ಪುಸ್ತಕ ಕೊಂಡಾಗಿದೆ ಎಂದರೆ ಎಸೆಯಬೇಕಿಲ್ಲ. ಪ್ರತಿ ಅಕ್ಷರಕ್ಕೆ ಎರಡು ಚುಕ್ಕಿ ಅಕ್ಷರ ಸಾಕು. ಮೂರನೆಯದಕ್ಕೆ ಕೈ ಅಡ್ಡ ಇಟ್ಟು ಪಕ್ಕದ ಖಾಲಿ ಜಾಗದಲ್ಲಿ ನೆನಪಿನಿಂದ ಬರೆಯಲಿ. ಕೊಳ್ಳುವುದಿನ್ನೂ ಬಾಕಿ ಇದ್ದರೆ, ಶುರುವಿನ ಜಾಗ ಮತ್ತು ಬಾಣದ ಗುರುತು ಇರುವ, ಸಾಲಿನ ಅರ್ಧ ಖಾಲಿ ಬಿಟ್ಟಿರುವ ಪುಸ್ತಕವನ್ನೇ ಹುಡುಕಿ. ಪುಟದ ತುಂಬ ಚುಕ್ಕಿಯೇ ಇರುವುದನ್ನು ಬಿಡಿ. ಸ್ಲೇಟಿನಲ್ಲಿ ಶಿಕ್ಷಕರು ಬರೆದುಕೊಟ್ಟ ಅಕ್ಷರದ ಮೇಲೆ ದಪ್ಪವಾಗುವವರೆಗೆ ತಿದ್ದಿಸುವ ನಮ್ಮ ಹಳೆಯ ಕ್ರಮಕ್ಕೂ ಇದೇ ಎಚ್ಚರಿಕೆ ಬೇಕು: ಎರಡು ಸಲ ತಿದ್ದಿ, ಅಳಿಸಿ, ಸ್ವಂತ ಬರೆಯಲಿ.

ಗೆರೆ ನೋಟ್‌ಬುಕ್

ನೋಟ್‌ಬುಕ್ ಬೇಕೇ ಬೇಕು, ಪ್ರಶ್ನೆ ಇರುವುದು ಯಾವಾಗ ಮತ್ತು ಯಾವುದು ಎಂಬಲ್ಲಿ. ಹತ್ತಿಪ್ಪತ್ತು ಅಕ್ಷರ ನೆನಪಿನಿಂದ ಬಂದು, ಸಣ್ಣ ಪದಗಳನ್ನು ಹೇಳಿದರೆ ಬರೆಯುವ ಹಂತ ನನ್ನ ಲೆಕ್ಕದಲ್ಲಿ ಸರಿಯಾದ ಸಮಯ. ಅದಕ್ಕೆ ಮುಂಚೆ ಕೊಟ್ಟರೆ ಮಗುವಿನ ಶಕ್ತಿಯೆಲ್ಲ ಗೆರೆಯೊಳಗೆ ಕೂರಿಸುವುದಕ್ಕೇ ಹೋಗುತ್ತದೆ.

ಚೌಕುಳಿ ಪುಸ್ತಕ ಬಿಡಿ ಅಕ್ಷರಕ್ಕೆ ಚೆನ್ನ, ಒಂದು ಮನೆಗೆ ಒಂದಕ್ಷರ ಎಂದರೆ ಅಂತರ ತಾನಾಗಿ ಬರುತ್ತದೆ. ಆದರೆ ಕಾಗುಣಿತಕ್ಕೆ ಬಂದಾಗ ಕೋ, ಕೌ ಮನೆಯಿಂದ ಹೊರಗೆ ಚಾಚುತ್ತವೆ, ಒತ್ತು ಕೆಳಗಿನ ಮನೆಗೆ ಇಳಿಯುತ್ತದೆ. ನಾಲ್ಕು ಗೆರೆಯ ಪುಸ್ತಕ ಇಂಗ್ಲಿಷಿಗೆ ಮಾಡಿದ್ದು, ಕನ್ನಡಕ್ಕೆ ಅದು ಹೊಂದುವುದಿಲ್ಲ. ಕನ್ನಡಕ್ಕೆ ಬೇಕಾದದ್ದು ಅಗಲವಾದ ಎರಡು ಗೆರೆ, ಕೆಳಗೆ ಒತ್ತಕ್ಷರಕ್ಕೆ ಸಾಕಷ್ಟು ಖಾಲಿ ಜಾಗ. ಅಂಗಡಿಯಲ್ಲಿ ಅಂಥದ್ದು ಸಿಗದಿದ್ದರೆ ಒಂದು ಗೆರೆಯ ಪುಸ್ತಕದಲ್ಲಿ ಸಾಲು ಬಿಟ್ಟು ಸಾಲು ಬರೆಸಿ.

‘ಹತ್ತು ಸಲ ಬರೆದುಕೊಂಡು ಬಾ’ ಎಂಬ ಮನೆಗೆಲಸವನ್ನು ದಯವಿಟ್ಟು ನಿಲ್ಲಿಸಿ. ಅಂಥ ಪುಟವನ್ನು ಗಮನಿಸಿದರೆ ಮೊದಲ ಸಾಲು ಚೆನ್ನಾಗಿರುತ್ತದೆ, ಕೊನೆಯದು ಕೆಟ್ಟಿರುತ್ತದೆ. ಮಗು ಮೇಲಿನ ಮಾದರಿಯನ್ನು ನೋಡುವುದಿಲ್ಲ, ತನ್ನದೇ ಹಿಂದಿನ ಅಕ್ಷರವನ್ನು ನೋಡಿ ಬರೆಯುತ್ತದೆ, ಮೂರನೆಯದರ ತಪ್ಪು ಹತ್ತನೆಯದರಲ್ಲಿ ದೊಡ್ಡದಾಗಿರುತ್ತದೆ. ಮೂರು ಸಲ ಬರೆದು, ಅದರಲ್ಲಿ ಯಾವುದು ಚೆನ್ನಾಗಿದೆ ಎಂದು ಮಗುವೇ ಸುತ್ತು ಹಾಕಲಿ. ಉಳಿದ ಸಮಯದಲ್ಲಿ ಆ ಅಕ್ಷರವಿರುವ ಪದ ಬರೆಯಲಿ.

ಟ್ಯಾಬ್, ಮೊಬೈಲ್

ಇದನ್ನು ಬೇಗ ಮುಗಿಸುತ್ತೇನೆ. ಅಕ್ಷರದ ಓಟವನ್ನು ಚಲಿಸುವ ಚಿತ್ರದಲ್ಲಿ ತೋರಿಸಲು ಪರದೆ ಒಳ್ಳೆಯದು, ಕನ್ನಡ ಬರೆಯಲು ಬಾರದ ಪೋಷಕರಿಗೆ ಹೆಚ್ಚು ಉಪಯೋಗ. ಆದರೆ ನುಣುಪು ಗಾಜಿನ ಮೇಲೆ ಬೆರಳು ಜಾರಿಸುವುದು ಚುಕ್ಕಿ ಸೇರಿಸುವುದರ ಇನ್ನೊಂದು ರೂಪ. ಆ್ಯಪ್ ‘ಸರಿ’ ಎಂದು ಚಪ್ಪಾಳೆ ತಟ್ಟಿದರೂ ಕೈಗೆ ಹಿಡಿತ ಬರುವುದಿಲ್ಲ. ವಿದೇಶದಲ್ಲಿದ್ದು ವಾರಕ್ಕೊಮ್ಮೆ ಕನ್ನಡ ಶಾಲೆಗೆ ಹೋಗುವ ಮಕ್ಕಳಿಗೆ ಪರದೆಯಲ್ಲಿ ನೋಡಿ ಸ್ಲೇಟಿನಲ್ಲಿ ಬರೆಯುವ ಜೋಡಿ ಚೆನ್ನಾಗಿ ಒದಗುತ್ತದೆ. ಬರೀ ಪರದೆ ಬೇಡ.

ನಿಮ್ಮ ತರಗತಿಗೆ ಯಾವುದು

ಒಬ್ಬರೇ ಶಿಕ್ಷಕರು, ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ, ಹಣ ಕಡಿಮೆ ಎಂದರೆ: ಗೋಡೆಯ ಹಲಗೆ ಮತ್ತು ಸ್ಲೇಟು. ನಾಲ್ಕೈದು ಮರಳಿನ ತಟ್ಟೆ ನಿಮ್ಮ ಪಕ್ಕದ ಗುಂಪಿಗೆ ಮಾತ್ರ. ಚುಕ್ಕಿ ಪುಸ್ತಕಕ್ಕೆ ಹಣ ಹಾಕಬೇಡಿ, ಅದೇ ಹಣಕ್ಕೆ ಬಿಳಿ ಹಾಳೆ ಮತ್ತು ಮೇಣದ ಬಣ್ಣದ ಕಡ್ಡಿ ತನ್ನಿ.

ಎಲ್‌ಕೆಜಿ, ಯುಕೆಜಿ ನಡೆಸುವವರು ನೋಟ್‌ಬುಕ್ಕಿನ ಪಟ್ಟಿಯನ್ನೇ ಕೈಬಿಡಬಹುದು. ಉಪ್ಪುಕಾಗದ, ಮರಳು, ರಂಗೋಲಿ ಎಳೆಯುವ ಆಟ, ಜೇಡಿಮಣ್ಣಿನಲ್ಲಿ ಅಕ್ಷರ ಮಾಡುವುದು, ಇಷ್ಟೇ ಸಾಕು. ಪೋಷಕರು ಬರವಣಿಗೆ ಕೇಳಿಯೇ ಕೇಳುತ್ತಾರೆ. ಅವರನ್ನು ಕರೆಸಿ, ಮಗು ಮರಳಿನಲ್ಲಿ ಬರೆಯುವುದನ್ನು ಎದುರಿಗೇ ತೋರಿಸಿ. ಹತ್ತು ನೋಟ್‌ಬುಕ್ ತೋರಿಸಿದರೂ ಆಗದ ನಂಬಿಕೆ ಅದರಲ್ಲಿ ಹುಟ್ಟುತ್ತದೆ.

ಇಂಗ್ಲಿಷ್ ಮಾಧ್ಯಮದ ಶಾಲೆಗಳ ಸ್ಥಿತಿ ಬೇರೆ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ಬಳಿಕ ಅಲ್ಲೂ ಕನ್ನಡ ಕಡ್ಡಾಯ, ಆದರೆ ಮಗುವಿನ ಕೈ ಆಗಲೇ ಎ ಬಿ ಸಿ ಡಿಗೆ ಒಗ್ಗಿರುತ್ತದೆ, ವಾರಕ್ಕೆ ಸಿಗುವ ತರಗತಿಗಳೂ ಕೆಲವೇ. ಇಂಗ್ಲಿಷಿನ ನೆಟ್ಟಗಿನ ಗೆರೆಯಿಂದ ಕನ್ನಡದ ದುಂಡು ಗೆರೆಗೆ ಬರಲು ಮೊದಲ ವಾರ ಅಕ್ಷರವನ್ನೇ ಬರೆಸದೆ ಸುರುಳಿ, ಅರ್ಧಚಂದ್ರ, ಸೊನ್ನೆ ಬರೆಸಿ. ಆಮೇಲೆ ಸ್ಲೇಟು, ರ ಗ ಸ ದ ಅ ಕ್ರಮ. ಇಲ್ಲಿ ಮನೆಯವರಿಗಾಗಿ ಬಾಣದ ಗುರುತಿರುವ ಅಭ್ಯಾಸ ಪುಸ್ತಕ ಇರಲಿ, ಏಕೆಂದರೆ ಎಷ್ಟೋ ಮನೆಗಳಲ್ಲಿ ಅದನ್ನು ಬಿಟ್ಟರೆ ಮಾದರಿ ತೋರಿಸುವವರಿಲ್ಲ.

ಮನೆಮಾತು ತುಳು, ಕೊಂಕಣಿ, ಲಂಬಾಣಿ ಆಗಿರುವ ಮಕ್ಕಳಿಗೆ ಬರವಣಿಗೆಗಿಂತ ಪದದ ಪರಿಚಯ ಮುಂದೆ ಇರಬೇಕು. ‘ಗರಗಸ’ ಗೊತ್ತಿಲ್ಲದ ಮಗುವಿಗೆ ಗರಗಸ ಬರೆಸಿ ಏನು ಫಲ, ವಸ್ತುವನ್ನೋ ಚಿತ್ರವನ್ನೋ ತೋರಿಸಿ ಆಮೇಲೆ ಬರೆಸಿ. ಉರ್ದು ಓದುವ ಮಗು ಬಲದಿಂದ ಎಡಕ್ಕೆ ಬರೆದು ಬಂದಿರುತ್ತದೆ, ಅದರ ಸ್ಲೇಟಿನ ಎಡ ಅಂಚಿಗೆ ಒಂದು ಬಣ್ಣದ ಪಟ್ಟಿ ಅಂಟಿಸಿದರೆ ಎಲ್ಲಿಂದ ಹೊರಡಬೇಕೆಂದು ತಿಳಿಯುತ್ತದೆ. ಪಾವಗಡ, ಬಳ್ಳಾರಿ ಕಡೆ ತೆಲುಗು ಮಾತಾಡುವ ಮಕ್ಕಳಿಗೆ ಮನೆಯಲ್ಲಿ ತೆಲುಗು ಅಕ್ಷರ ಕಲಿಸಿದ್ದರೆ ಅರ್ಧ ಕೆಲಸ ಮುಗಿದಿದೆ, ತಲೆಕಟ್ಟಿನ ಆಕಾರವೊಂದನ್ನು ಗಮನಿಸಿ ತಿದ್ದಿದರೆ ಸಾಕು.

ಎಡಗೈ ಮಕ್ಕಳನ್ನು ಬಲಗೈಗೆ ತಿರುಗಿಸಬೇಡಿ. ಬೆಂಚಿನ ಎಡ ತುದಿಯಲ್ಲಿ ಕೂರಿಸಿ, ಪಕ್ಕದವರ ಮೊಣಕೈ ತಾಗುವುದಿಲ್ಲ. ಹಾಳೆಯನ್ನು ಬಲಕ್ಕೆ ಓರೆ ಮಾಡಿ ಇಡಲಿ. ಸ್ಲೇಟಿನಲ್ಲಿ ಬರೆಯುತ್ತಾ ಹೋದಂತೆ ಅವರ ಅಂಗೈಯೇ ಬರೆದದ್ದನ್ನು ಅಳಿಸಿಬಿಡುತ್ತದೆ, ಹಾಗಾಗಿ ಈ ಮಕ್ಕಳಿಗೆ ಗೋಡೆಯ ಹಲಗೆ ಹೆಚ್ಚು ಅನುಕೂಲ, ಪೆನ್ಸಿಲ್ ಮತ್ತು ಹಾಳೆಯನ್ನೂ ಉಳಿದವರಿಗಿಂತ ತುಸು ಬೇಗ ಕೊಡಬಹುದು.

ಯಾವುದನ್ನೇ ಆರಿಸಿದರೂ ಮೂರು ತಿಂಗಳಾದ ಮೇಲೆ ಪ್ರತಿ ಮಗುವಿಗೂ ಗೆರೆಯಿಲ್ಲದ ಒಂದು ಹಾಳೆ ಕೊಟ್ಟು, ಕಲಿತ ಅಕ್ಷರಗಳಲ್ಲೇ ಆಗುವ ಐದು ಪದಗಳನ್ನು ನಿಧಾನವಾಗಿ ಹೇಳಿ ಬರೆಸಿ. ಹಾಳೆಯನ್ನಲ್ಲ, ಬರೆಯುವ ಕೈಯನ್ನು ನೋಡಿ. ಕೇಳಿದ ಕೂಡಲೇ ಕೈ ಹೊರಟು, ಗೆರೆ ಸರಿಯಾದ ಜಾಗದಿಂದ ಶುರುವಾದರೆ ಅಕ್ಷರ ಎಷ್ಟು ಸೊಟ್ಟಗಿದ್ದರೂ ಎರಡು ಗೆರೆಯ ಪುಸ್ತಕ ಕೊಡಿ. ಅಕ್ಷರ ನೆನಪಿದ್ದು ಓಟ ಮಾತ್ರ ತಪ್ಪಿದ್ದರೆ ಆ ಅಕ್ಷರಕ್ಕಷ್ಟೇ ಗೋಡೆಯ ಹಲಗೆಗೆ ಕರೆದು ನಿಮ್ಮೆದುರು ಬರೆಸಿ. ಕೈ ನಿಂತು, ಕಣ್ಣು ಗೋಡೆಯ ಅಕ್ಷರಪಟವನ್ನು ಹುಡುಕಿದರೆ ಮರಳಿನ ತಟ್ಟೆಯನ್ನು ಮತ್ತೆ ಇಳಿಸಿ, ಬಂದಿರುವ ಅಕ್ಷರಗಳ ಜೊತೆಗೆ ಬಾರದ ಒಂದೇ ಒಂದನ್ನು ಸೇರಿಸಿಕೊಂಡು ಮುಂದುವರಿಯಿರಿ.